ಹುಳು ಹತ್ತಿದ ಬೋಗಿ

ಶಿಷ್ಯ ಕರಿಬಸಪ್ಪ ಕೇಳಿದ: "ಸ್ವಾಮಿ, ರೈಲಿನಲ್ಲಿ ಬೀಡಿ ಸೇದಲು ಬಿಡಬೇಕೋ, ಬಿಡಬಾರದೋ? ನಿನ್ನೆ ಪ್ಯಾಸೆಂಜರ್ ಗಾಡಿಯಲ್ಲಿ ಬರುವಾಗ ಇದೇ ಚರ್ಚೆ. ಯಾರಾದರೂ ಬೇಡ ಎಂದರೆ ಆರಿಸಬೇಕು, ಅದು ನ್ಯಾಯ. ಯಾರೂ ಬೇಡ ಎನ್ನದಿದ್ದರೆ ಸೇದುವವನದು ಏನು ತಪ್ಪು ಎಂದು ನಾನು ಹೇಳಿದೆ. ಎಲ್ಲರೂ ತಲೆದೂಗಿದರು."

"ತಲೆದೂಗಿದವರ ಕೈಯಲ್ಲಿ ಬೀಡಿ ಇತ್ತೇ?" ಎಂದು ಗುರು ಕೇಳಿದರು.

"ಇತ್ತು ಸ್ವಾಮಿ."

"ಹಾಗಾದರೆ ಚೆನ್ನಾಗಿಯೇ ತೂಗಿರುತ್ತಾರೆ. ಕೂತುಕೋ, ಒಬ್ಬ ರೈತನ ಕತೆ ಹೇಳುತ್ತೇನೆ."

ಒಬ್ಬ ರೈತನಿದ್ದ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವುದು ಅವನ ಕಸುಬು. ಮಹಾ ಬೀಡಿಗಾರ. ಎದ್ದರೂ ಬೀಡಿ, ಕೂತರೂ ಬೀಡಿ. ಹುಳುಮನೆಯ ಹೊಸ್ತಿಲು ದಾಟುವಾಗ ಮಾತ್ರ ಬೀಡಿಕಟ್ಟನ್ನು ಹೊರಗಿಟ್ಟು, ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಿದ್ದ. ಹೊಗೆಸೊಪ್ಪಿನ ಗಾಳಿ ಸೋಕಿದರೆ ಹುಳು ಸಾಯುತ್ತದೆ. ರೇಷ್ಮೆಯವರ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹಿಂದಿನ ಬೆಳೆ ಕೈಕೊಟ್ಟಿತ್ತು. ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು: "ಈ ಸಲಾನೂ ಹುಳ ಕೆಟ್ರೆ ಸೊಪ್ಪಿನ ತೋಟ ಕಿತ್ತಾಕಿ ರಾಗಿ ಬಿತ್ತೋಣ. ಇನ್ನು ನನ್ ಕೈಲಿ ಆಗಲ್ಲ." ರೈತನಿಗೆ ರೇಷ್ಮೆಯೆಂದರೆ ಪ್ರಾಣ. ತೋಟ ಕೀಳುವ ಮಾತು ಕೇಳಿ ಅವನಿಗೆ ಅನ್ನ ಸೇರಲಿಲ್ಲ. ದೂರದ ಊರಿನಲ್ಲಿ ಒಳ್ಳೆಯ ಮರಿಹುಳು ಸಿಗುತ್ತದೆಂದು ಕೇಳಿ ಅಲ್ಲಿಗೆ ಹೋದ. ಹುಳುವಿನ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿಕೊಂಡು ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದ.

ಗಾಡಿ ಹೊರಟಿತು. ಆಗ ನೋಡುತ್ತಾನೆ, ಬೋಗಿಯ ತುಂಬಾ ಹೊಗೆ. ಬುಟ್ಟಿಯ ಒದ್ದೆ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಮುಚ್ಚಿದ. ಎಷ್ಟೋ ವರ್ಷದಿಂದ ತಾನೂ ಅದೇ ಗಾಡಿಯಲ್ಲಿ ಕೂತು ಸೇದಿದವನು. ಅಲ್ಲಿ ಹೊಗೆ ಇರುತ್ತದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ.

ಎದ್ದು ನಿಂತು ಕೈಮುಗಿದ. "ಅಣ್ಣಂದಿರಾ, ಬುಟ್ಟೀಲಿ ರೇಷ್ಮೆ ಹುಳ ಅವೆ. ಹೊಗೆ ತಾಕಿದ್ರೆ ಒಂದೂ ಉಳಿಯಲ್ಲ. ನಾನು ಇಳಿಯೋಗಂಟ ಬೀಡಿ ಆರಿಸ್ಕೊಳ್ರಪ್ಪ."

ಎದುರಿಗಿದ್ದ ಕೊಬ್ಬರಿ ವ್ಯಾಪಾರಿ ನಕ್ಕ. "ನಿನ್ ಹುಳಕ್ಕೆ ಟಿಕೀಟು ತಗೊಂಡಿದೀಯೇನಯ್ಯಾ?" ಎಂದ. ಹಾಗೆ ಎಂದರೂ ಮೊದಲು ಬೀಡಿ ಹೊಸಕಿದವನು ಅವನೇ. ಉಳಿದವರೂ ಆರಿಸಿದರು. ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದವರು ಬೆಂಕಿಕಡ್ಡಿ ಗೀರುವ ಮೊದಲೇ ವ್ಯಾಪಾರಿ ಗದರಿದ: "ಇಲ್ಲಿ ಹುಳ ಅವೆ ಕಣ್ರೀ, ಸುಮ್ನೆ ಕೂತ್ಕೊಳ್ಳಿ." ಒಬ್ಬ ಬುಟ್ಟಿಗೆ ನೆರಳು ಮಾಡಿ ಕೂತ. ಇನ್ನೊಬ್ಬ ಬಟ್ಟೆಗೆ ನೀರು ಚಿಮುಕಿಸಿದ. ರೈತನಿಗೂ ನಾಲಿಗೆ ಬೀಡಿಗೆ ಹಾತೊರೆಯುತ್ತಿತ್ತು. ಆದರೂ ಎಂಥ ಒಳ್ಳೆಯ ಜನವೆಂದು ಅವನ ಹೊಟ್ಟೆ ತಣ್ಣಗಾಯಿತು.

ಹುಳು ಉಳಿದವು. ಚೆನ್ನಾಗಿ ಸೊಪ್ಪು ತಿಂದು ಗಟ್ಟಿ ಗೂಡು ಕಟ್ಟಿದವು. ಹೆಂಡತಿ ಗೂಡು ಬಿಡಿಸುತ್ತಾ, "ತೋಟ ಇರ್ಲಿ ಬಿಡು" ಎಂದಳು. ರೈತನಿಗೆ ಇನ್ನೇನು ಬೇಕು?

ಗೂಡಿನ ಚೀಲ ಹೊತ್ತು ಸಂತೆಯ ದಿನ ಅದೇ ಗಾಡಿ ಹತ್ತಿದ. ಹೆಚ್ಚುಕಮ್ಮಿ ಅವೇ ಮುಖಗಳು. ವ್ಯಾಪಾರಿ ಜಾಗ ಬಿಟ್ಟುಕೊಟ್ಟು, "ಬದುಕಿದ್ವೇನಯ್ಯಾ ನಮ್ ಹುಳ?" ಎಂದ. ರೈತ ಸಂತೋಷ ತಡೆಯಲಾರದೆ ಬೀಡಿಕಟ್ಟು ಬಿಚ್ಚಿ ಎಲ್ಲರಿಗೂ ಹಂಚಿದ. ತಾನೂ ಒಂದು ಹಚ್ಚಿದ. ನಗು, ಮಾತು, ಹೊಗೆ, ಎಲ್ಲ ಒಟ್ಟಿಗೆ ಎದ್ದವು.

ಕಿಟಕಿಯ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಮಗು. ಅವಳು ಸೆರಗನ್ನು ಮಗುವಿನ ಮುಖಕ್ಕೆ ಎಳೆದು, ಮೆಲ್ಲಗೆ ಕೇಳಿದಳು: "ಅಣ್ಣ, ಇವತ್ತು ಹುಳ ತಂದಿಲ್ವಾ?"

"ಇಲ್ಲ ಕಣವ್ವ, ಇವತ್ತು ಬರೀ ಗೂಡು. ಯಾಕೆ?"

"ಏನಿಲ್ಲ. ಈ ಮಗೀಗೆ ಉಬ್ಬಸ. ವಾರವಾರ ಇದೇ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ. ದಾರಿ ಉದ್ದಕ್ಕೂ ಒದ್ದಾಡ್ತದೆ. ನೀವು ಹುಳ ತಂದ ದಿನ ಮಾತ್ರ ಚೆನ್ನಾಗಿ ನಿದ್ದೆ ಮಾಡ್ತು."

ರೈತ ಬಾಯಿಂದ ಬೀಡಿ ತೆಗೆದ. ಅವತ್ತೂ ಅವಳು ಅದೇ ಕಿಟಕಿಯ ಪಕ್ಕ ಕೂತಿದ್ದಳು. ಅವನಿಗೆ ಅವಳ ನೆನಪೇ ಇರಲಿಲ್ಲ. ಬಹಳ ನಾಚಿಕೆಯಾಯಿತು. ಬೀಡಿಯನ್ನು ಹೊಸಕಿ ಆಚೆ ಎಸೆದ. ವ್ಯಾಪಾರಿಯೂ ಎಸೆದ, ಈ ಸಲ ತಮಾಷೆ ಮಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಳಿದವರೂ ಆರಿಸಿದರು. ಸ್ವಲ್ಪ ಹೊತ್ತಿಗೆ ಮಗುವಿನ ಉಸಿರು ಹದಕ್ಕೆ ಬಂದು ಅದು ಮಲಗಿತು. ರೈತ ಇಳಿಯುವ ತನಕ ಅದನ್ನೇ ನೋಡುತ್ತಾ ಕೂತ. ನೋಡುತ್ತಾ ನೋಡುತ್ತಾ ಅವನಿಗೂ ಸಮಾಧಾನವಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕರಿಬಸಪ್ಪನಿಗೆ ಕತೆ ಹಿಡಿಸಿತು, ಆದರೆ ವಾದ ಬಿಡಲು ಮನಸ್ಸು ಬರಲಿಲ್ಲ.

"ಆದರೂ ಸ್ವಾಮಿ, ಆಕೆ ಮೊದಲೇ ಬೇಡ ಎಂದು ಹೇಳಬಹುದಿತ್ತಲ್ಲ?"

ಗುರುಗಳು ಅವನ ಕಡೆ ತಿರುಗಿದರು.

"ಹುಳು ಹೇಳಲಿ ಎಂದು ರೈತ ಕಾದಿದ್ದನೇನಪ್ಪ?"