ಗಡಿಗೆ ಕೊಟ್ಟ ಹೆಪ್ಪು

ಮಣ್ಣಿನ ಗಡಿಗೆಯ ಮೊಸರಿಗೆ ಅಡುಗೆಮನೆಯಲ್ಲೆಲ್ಲ ಹೆಸರಿತ್ತು. ಬೆಳ್ಳಿ ಬಟ್ಟಲು ಹೆಪ್ಪು ಕೇಳಿದಾಗ ಗಡಿಗೆ, "ತಗೋ ತಂಗಿ. ಯಾರು ಕೊಟ್ಟರೆಂದು ಹೇಳು, ಕೇಳಿದವರಿಗೆ ನೀನೂ ಕೊಡು. ಅಷ್ಟೇ ಕರಾರು" ಎಂದಿತು.

ಮೊಸರು ಗಟ್ಟಿಯಾದದ್ದೇ ತಡ, ಬಟ್ಟಲಿಗೆ ಗರ್ವ ನೆತ್ತಿಗೇರಿತು. ಪುಟ್ಟ ಲೋಟ ಹೆಪ್ಪು ಕೇಳಿದರೆ, "ಇದು ನಮ್ಮ ಮನೆತನದ ವಿದ್ಯೆ, ಕಂಡಕಂಡವರಿಗೆ ಹಂಚುವುದಲ್ಲ" ಎಂದು ಮುಚ್ಚಳ ಎಳೆದುಕೊಂಡಿತು.

ಯಾರಿಗೂ ಕೊಡದೆ ಮುಚ್ಚಿಟ್ಟ ಮೊಸರು ಹುಳಿಬಂದು ಬೂಷ್ಟು ಹಿಡಿಯಿತು. ಮರುದಿನವೇ ಬೀಗರ ಊಟ. ಮೊಸರಿಲ್ಲದ ಬಟ್ಟಲಿಗೆ ಬೀರುವೇ ಗತಿ. ಗಡಿಗೆಗೆ ಮುಖ ತೋರಿಸಲಾರದೆ ಅದು ಲೋಟದ ಬಳಿಗೇ ಹೋಯಿತು.

"ತಗೊಳ್ಳಿ ಅಕ್ಕ" ಎಂದಿತು ಲೋಟ. "ಇದು ಗಡಿಗೆಯಮ್ಮ ಕೊಟ್ಟ ಹೆಪ್ಪು. ಕೇಳಿದವರಿಗೆ ಇಲ್ಲವೆನ್ನಬಾರದಂತೆ. ಪಾಪ, ನಿಮಗೆ ತಿಳಿದಿರಲಿಕ್ಕಿಲ್ಲ."

ಹೆಪ್ಪು ಪಡೆದ ಬಟ್ಟಲು ಮತ್ತೆ ಮುಚ್ಚಳ ಎಳೆದುಕೊಂಡಿತು, ಈ ಸಲ ಮುಖ ಮರೆಸಿಕೊಳ್ಳಲು.