ಗುರುತಿನ ಕಲ್ಲಿಗೆ ಇಳಿದ ನೀರು

“ಗುರುಗಳೇ, ಹೇಳಬೇಕಾದದ್ದನ್ನೆಲ್ಲ ಹೇಳಿದ ಮೇಲೂ ಒಬ್ಬ ಕೇಳದೆ ಸತ್ತರೆ, ಹೇಳಿದವನ ಮೇಲೆ ತಪ್ಪು ಬರುತ್ತದೆಯೇ?”

ಹೀಗೆ ಕೇಳಿದ ಶಿಷ್ಯ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯ. ನಾಲ್ಕು ವರ್ಷದಿಂದ ಅವನ ಬಳಿಗೆ ಬರುತ್ತಿದ್ದ ರೋಗಿಯೊಬ್ಬ ಹೋದ ವಾರ ತೀರಿಕೊಂಡಿದ್ದ. ರಕ್ತದೊತ್ತಡ ಇದ್ದವನು. ಮಾತ್ರೆ ಬಿಡಬೇಡ ಎಂದು ಪ್ರತಿ ಸಲವೂ ಹೇಳಿದ್ದೆ, ಪ್ರತಿ ಸಲವೂ ತಲೆಯಾಡಿಸಿದ್ದ, ಆದರೂ ಬಿಟ್ಟ ಎಂದು ಶಿಷ್ಯ ಹೇಳಿಕೊಂಡ. ಅವನ ದನಿಯಲ್ಲಿ ದುಃಖವೂ ಇತ್ತು, ಸಿಟ್ಟೂ ಇತ್ತು. ಯಾವುದು ಹೆಚ್ಚೆಂದು ಅವನಿಗೇ ತಿಳಿದಿರಲಿಲ್ಲ.

ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ನೀರಗಂಟಿ ಇದ್ದ. ಕೆರೆ ಕಾಯುವುದು, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಮತ್ತೆ ಮುಚ್ಚುವುದು ಅವನ ಕೆಲಸ. ಪಿಳ್ಳಪ್ಪ ಎಂದು ಹೆಸರು. ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ. ಅವಳು ಹೋದ ಮೇಲೆ ಊರಿಗೆಲ್ಲ ಅವನು ಬರೀ ನೀರಗಂಟಿ. ಅದಕ್ಕೆ ಅವನಿಗೆ ಬೇಸರವೇನೂ ಇರಲಿಲ್ಲ. ತೂಬು ಎತ್ತಿ ಮುಚ್ಚುವ ಸಲಾಕೆಯನ್ನು ನೀರಗಂಟಿಯಲ್ಲದೆ ಇನ್ನೊಬ್ಬ ಮುಟ್ಟಬಾರದು ಎಂಬುದು ಆ ಊರಿನ ಕಟ್ಟಳೆ. ಊರ ಗೌಡನೂ ಮುಟ್ಟುವ ಹಾಗಿರಲಿಲ್ಲ. ಅಂಥ ಒಂದು ವಸ್ತು ತನ್ನ ಕೈಯಲ್ಲಿದೆ ಎನ್ನುವುದು ಅವನಿಗೆ ಒಳಗೊಳಗೇ ದೊಡ್ಡ ಹೆಮ್ಮೆ.

ತೂಬಿನ ಪಕ್ಕದಲ್ಲಿ ಒಂದು ಗುರುತಿನ ಕಲ್ಲಿತ್ತು. ನೀರು ಅದರ ಗೀಟಿಗಿಂತ ಮೇಲಿದ್ದರೆ ತೂಬು ಎತ್ತಬೇಕು. ಗೀಟಿಗೆ ಇಳಿದ ಕೂಡಲೇ ಮುಚ್ಚಬೇಕು. ಮರೆತರೆ ಕೆರೆ ಬರಿದಾಗುತ್ತದೆ. ಮೂವತ್ತು ವರ್ಷದಲ್ಲಿ ಅವನು ಒಮ್ಮೆಯೂ ಮರೆತವನಲ್ಲ.

ಇನ್ನೊಂದು ಕೆಲಸವಿತ್ತು. ದಿನವೂ ಬೆಳಿಗ್ಗೆ ಕೆರೆಯ ಮಣ್ಣಿನ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುವುದು. ಏಡಿ ಬಿಲ ಕಂಡರೆ ಜೇಡಿಮಣ್ಣು ಮೆತ್ತುವುದು, ಗಿಡ ಹುಟ್ಟಿದ್ದರೆ ಬೇರುಸಹಿತ ಕೀಳುವುದು. ನೀರು ತುಂಬಿದ್ದಾಗಲೂ ನಡೆಯುತ್ತಿದ್ದ, ಬೇಸಿಗೆಯಲ್ಲಿ ಕೆರೆಯ ಅಂಗಳದಲ್ಲಿ ದನ ಮೇಯುವಾಗಲೂ ನಡೆಯುತ್ತಿದ್ದ. ಊರವರು ಗೇಲಿ ಮಾಡುತ್ತಿದ್ದರು.

“ಏನೋ ನೀರಗಂಟಿ, ಏರಿ ನೆಟ್ಟಗೇ ಐತಲ್ಲ. ದಿನಾ ಏನು ಹುಡುಕ್ತೀಯ?”

“ಬಿರುಕು ಬಿಟ್ಟ ಮೇಲೆ ನೋಡೋಕೆ ನಾನ್ಯಾಕೆ ಬೇಕು? ಆಗ ಊರೇ ನಿಂತು ನೋಡ್ತದೆ” ಎನ್ನುತ್ತಿದ್ದ.

ಒಮ್ಮೆ ಅವನ ಕಾಲಿಗೆ ಮುಳ್ಳು ಮುರಿದು ಕೀವಾಯಿತು. ಹೆಂಡತಿ ಅಕ್ಕಯ್ಯಮ್ಮ ಬಿಡದೆ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ವೈದ್ಯನಿದ್ದ. ಮುಳ್ಳು ತೆಗೆಸಿದ, ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನೂ ನೋಡಿದ.

“ಬಿಪಿ ನೂರ ಎಂಬತ್ತಿದೆ. ತುಂಬಾ ಜಾಸ್ತಿ. ದಿನಾ ಒಂದು ಮಾತ್ರೆ ತಗೋಬೇಕು, ಉಪ್ಪು ಕಡಿಮೆ ಮಾಡ್ಬೇಕು. ಅರ್ಥ ಆಯ್ತಾ?”

“ಆಯ್ತು ಸ್ವಾಮಿ.”

ಅರ್ಥವಾಗಿರಲಿಲ್ಲ. ಆದರೆ ಹಿಂದೆ ಹತ್ತಿಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ಕುರ್ಚಿಯಲ್ಲಿ ಕೂತ ಮನುಷ್ಯ ಅಷ್ಟು ಕೇಳಿದ್ದೇ ಹೆಚ್ಚು. ಅಂಥವರು ಅರ್ಥವಾಯಿತೇ ಎಂದರೆ ಆಯಿತು ಎನ್ನುವುದೇ ಮರ್ಯಾದೆ ಎಂದು ಅವನು ಚಿಕ್ಕಂದಿನಿಂದ ಕಲಿತಿದ್ದ. ವೈದ್ಯನೂ ಅದನ್ನೇ ಉತ್ತರವೆಂದು ತಿಳಿದು ಮುಂದಿನವನನ್ನು ಕರೆದ. ಇಬ್ಬರಿಗೂ ಸಮಾಧಾನವಾಯಿತು.

ಒಂದು ತಿಂಗಳು ನೀರಗಂಟಿ ತಪ್ಪದೆ ಮಾತ್ರೆ ನುಂಗಿದ. ಮತ್ತೆ ಹೋದಾಗ ವೈದ್ಯ ಪಟ್ಟಿ ಕಟ್ಟಿ ನೋಡಿ ನಕ್ಕ. “ನಾರ್ಮಲ್‌ಗೆ ಬಂದಿದೆ ಕಣಯ್ಯ. ಹೀಗೇ ಇರ್ಲಿ” ಎಂದ.

ಈ ಸಲ ನೀರಗಂಟಿಗೆ ಅರ್ಥವಾಯಿತು. ಮನೆಗೆ ಬಂದವನೇ ಮಾತ್ರೆಯ ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟ.

“ದಿನಾ ತಗೋ ಅಂದಿದ್ರಲ್ಲ ಡಾಕ್ಟ್ರು?” ಎಂದಳು ಅಕ್ಕಯ್ಯಮ್ಮ.

“ಗೀಟಿಗೆ ಇಳಿದ ಮೇಲೂ ತೂಬು ಎತ್ತಿಟ್ರೆ ಏನಾಗ್ತದೆ? ಕೆರೆ ಬರಿದಾಗ್ತದೆ. ಮೈಯಾಗಿರೋ ರಕ್ತದ ಒತ್ತು ಪೂರ್ತಿ ಇಳಿದೋದ್ರೆ ನಾನು ಎದ್ದು ಓಡಾಡ್ತೀನಾ?”

ಅಕ್ಕಯ್ಯಮ್ಮ ಒಪ್ಪಿಕೊಂಡಳು. ನೀರಿನ ವಿಷಯದಲ್ಲಿ ಗಂಡ ಯಾವತ್ತೂ ತಪ್ಪಿದವನಲ್ಲ. ಅವನು ಮಾತ್ರೆಯನ್ನು ಸೋಮಾರಿತನದಿಂದ ಬಿಟ್ಟಿರಲಿಲ್ಲ, ಹಟದಿಂದಲೂ ಅಲ್ಲ. ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಉಪಯೋಗಿಸಿ ಬಿಟ್ಟಿದ್ದ. ಆಮೇಲೆ ತಲೆ ಸಿಡಿದಾಗ ಒಂದು ಮಾತ್ರೆ, ನಿಂತರೆ ಇಲ್ಲ. ಮುಂದಿನ ಸಲ ಒತ್ತಡ ಏರಿತ್ತು. ಮಾತ್ರೆ ತಗೋತಿಲ್ವಾ ಎಂದು ವೈದ್ಯ ಗದರಿದ. ತಗೋತೀನಿ ಸ್ವಾಮಿ ಎಂದ ನೀರಗಂಟಿ. ಅದು ಸುಳ್ಳೇನಲ್ಲ. ವೈದ್ಯ ಇನ್ನೂ ಜೋರಿನ ಮಾತ್ರೆ ಬರೆದ. ಅದೂ ಗೂಡು ಸೇರಿತು.

ಎರಡು ವರ್ಷ ಹೀಗೆ ನಡೆಯಿತು. ಎರಡನೆಯ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ಅವನ ತಲೆನೋವೂ ನಿಂತಿತ್ತು. ನಾಲ್ಕು ತಿಂಗಳಿಂದ ಮಾತ್ರೆಯ ನೆನಪೇ ಇರಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ಏರಿಯ ಮೇಲೆ ನಡೆದ, ಎರಡು ಏಡಿ ಬಿಲ ಮುಚ್ಚಿದ, ಗೀಟಿನ ಮೇಲೆ ನೀರಿದ್ದುದರಿಂದ ತೂಬು ಎತ್ತಿದ. ಸಲಾಕೆ ಬಿಟ್ಟು ಬೆವರು ಒರೆಸಿಕೊಳ್ಳಬೇಕೆಂದರೆ ಬಲಗೈ ಏಳಲಿಲ್ಲ. ಕೈ ಅಲ್ಲೇ ಇತ್ತು, ಕಾಣುತ್ತಿತ್ತು, ಆದರೆ ಅವನದಾಗಿರಲಿಲ್ಲ. ಕೂಗಬೇಕೆಂದ. ಬಾಯಿಂದ ಮಾತಿನ ಬದಲು ಬೇರೇನೋ ಬಂತು.

ಗದ್ದೆಯಲ್ಲಿದ್ದವರು ಓಡಿ ಬಂದು ಪೇಟೆಗೆ ಹೊತ್ತುಕೊಂಡು ಹೋದರು. ಅದೇ ವೈದ್ಯ ನೋಡಿದ. ತಲೆಯೊಳಗೆ ರಕ್ತನಾಳ ಒಡೆದಿದೆ, ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಗೇ ಕರೆದುಕೊಂಡು ಹೋಗಿ ಎಂದ. ಅವನಿಗೆ ನಿಜವಾಗಿಯೂ ಸಂಕಟವಾಯಿತು. “ಎಷ್ಟು ಹೇಳಿದ್ರೂ ಕೇಳೋದಿಲ್ಲ ಇವರು” ಎಂದು ಪಕ್ಕದಲ್ಲಿದ್ದ ನರ್ಸಿಗೆ ಹೇಳಿದ.

ನೀರಗಂಟಿಯ ಮನೆಯ ಹಿಂದೆಯೇ ತೂಬಿನಿಂದ ಬರುವ ಕಾಲುವೆ. ಮಂಚದ ಮೇಲೆ ಮಲಗಿದವನಿಗೆ ನೀರು ಹರಿಯುವ ಸದ್ದು ಕೇಳಿಸಿತು. ತೂಬು ಎತ್ತಿದ ಹಾಗೇ ಇದೆ ಎಂದು ಅವನಿಗೆ ತಿಳಿಯಿತು. ಹೊತ್ತು ತಂದವರು ಅವನನ್ನು ನೋಡಿದ್ದರೇ ಹೊರತು ತೂಬನ್ನಲ್ಲ. ನೋಡಿದ್ದರೂ ಮುಟ್ಟುತ್ತಿರಲಿಲ್ಲ. ಸಲಾಕೆ ಮುಟ್ಟಿದರೂ ಪರವಾಗಿಲ್ಲ, ನಾನೇ ಹೇಳುತ್ತಿದ್ದೇನೆ, ಹೋಗಿ ತೂಬು ಮುಚ್ಚಿ ಎಂದು ಹೇಳಲು ಅವನು ಒದ್ದಾಡಿದ. ಗಂಟಲಿನಲ್ಲಿ ಗೊರಗೊರ ಸದ್ದಾಯಿತು, ಅಷ್ಟೆ.

ಅಕ್ಕಯ್ಯಮ್ಮ ನೀರು ಕುಡಿಸಿದಳು. ಅದಲ್ಲ ಎಂದು ಮುಖ ತಿರುಗಿಸಿದ. ಬೆನ್ನಿಗೆ ದಿಂಬು ಕೊಟ್ಟಳು. ಅದೂ ಅಲ್ಲ. ಎಡಗೈಯನ್ನು ಎತ್ತಿ ಕೆಳಕ್ಕೆ ಒತ್ತಿ ಒತ್ತಿ ತೋರಿಸಿದ. ಎದೆ ನೋಯುತ್ತಿದೆ ಎಂದುಕೊಂಡು ಅವಳು ಎದೆ ನೀವಿದಳು. ಎರಡು ದಿನ ಹೀಗೇ ಆಯಿತು. ಗಂಡನ ಸಂಕಟ ನೋಡಲಾರದೆ, ಮೂರನೆಯ ದಿನ ಅವಳು ಅವನ ಕೈ ಹಿಡಿದುಕೊಂಡು ತಲೆಯಾಡಿಸಿದಳು. “ಆಯ್ತು, ಅರ್ಥ ಆಯ್ತು ನಂಗೆ. ಹಂಗೇ ಮಾಡ್ತೀನಿ. ನೀನು ಮಲಕ್ಕೋ” ಎಂದಳು.

ನೀರಗಂಟಿಯ ಮುಖ ತಿಳಿಯಾಯಿತು. ಅವಳಿಗೆ ಅರ್ಥವಾಯಿತೆಂದು ನಂಬಿ ಕಣ್ಣು ಮುಚ್ಚಿದ. ಸಂಜೆಗೆ ಪ್ರಾಣ ಹೋಯಿತು. ಸೂತಕ ಕಳೆದು, ಅವನ ದಾಯಾದಿಯೊಬ್ಬನನ್ನು ನೀರಗಂಟಿ ಮಾಡಿ ಊರವರು ಸಲಾಕೆ ಕೊಡುವ ಹೊತ್ತಿಗೆ ಕೆರೆಯಲ್ಲಿ ತೂಬು ಮುಚ್ಚಿ ಉಳಿಸಿಕೊಳ್ಳುವಷ್ಟು ನೀರಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಮಾತ್ರೆ ಅಂದರೆ ತೂಬು ಎತ್ತುವುದಲ್ಲ, ನೀನು ದಿನಾ ಏರಿಯ ಮೇಲೆ ನಡೆಯುತ್ತೀಯಲ್ಲ, ಹಾಗೆ ಎಂದು ವೈದ್ಯ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು ಗುರುಗಳೇ. ಏರಿ ನೆಟ್ಟಗಿದ್ದರೂ ನಡೆಯಬೇಕೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡು ವರ್ಷ ನೋಡಿದ ವೈದ್ಯನಿಗೆ ಅಷ್ಟೂ ಹೊಳೆಯಲಿಲ್ಲವೇ?”

ಗುರುಗಳು ಕೇಳಿದರು: “ನಾಲ್ಕು ವರ್ಷ ನಿನ್ನ ಬಳಿಗೆ ಬಂದನಲ್ಲ ಆ ರೋಗಿ, ಅವನು ಏನು ಕೆಲಸ ಮಾಡುತ್ತಿದ್ದ?”

ನಾಲ್ಕು ವರ್ಷದಲ್ಲಿ ಅದನ್ನು ಶಿಷ್ಯ ಒಮ್ಮೆಯೂ ಕೇಳಿರಲಿಲ್ಲ.