ವೈಶಾಖದಲ್ಲಿ ಬಂದ ಅಕ್ಕ

"ಅಮ್ಮಾ, ಸಾಧನೆಗೆ ಹೊರಡಲು ಯಾವ ಕಾಲ ಒಳ್ಳೆಯದು? ಯಾವ ದಾರಿ ಹಿಡಿದರೆ ಬೇಗ ಮುಟ್ಟಬಹುದು?" ಎಂದು ಶಿಷ್ಯ ಕೇಳಿದ.

ಈ ಪ್ರಶ್ನೆಯನ್ನು ಅವನು ಕೇಳುತ್ತಿರುವುದು ಇದೇ ಮೊದಲಲ್ಲ. ಆಶ್ರಮಕ್ಕೆ ಬಂದುಹೋಗುವವರನ್ನೆಲ್ಲ ಕೇಳಿದ್ದ. ಒಬ್ಬರು ಜ್ಞಾನದ ದಾರಿ ಎಂದಿದ್ದರು, ಇನ್ನೊಬ್ಬರು ಭಕ್ತಿಯ ದಾರಿ ಎಂದಿದ್ದರು. ಉತ್ತರಾಯಣ ಬರಲಿ ಎಂದವರಿದ್ದರು, ಗುರುಬಲ ಬರಲಿ ಎಂದವರೂ ಇದ್ದರು. ಅವನು ಎಲ್ಲರ ಮಾತನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡು ಇದ್ದಲ್ಲೇ ಇದ್ದ.

ಅವನ ಗುರು ಒಬ್ಬ ಹೆಂಗಸು. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮೊರವನ್ನು ಅವನ ಕಡೆ ಸ್ವಲ್ಪ ಸರಿಸಿದರು.

"ನೀನೂ ಸುಲಿ. ಕೈಗೆ ಕೆಲಸವಿದ್ದರೆ ಕಿವಿ ಚೆನ್ನಾಗಿ ಕೇಳುತ್ತದೆ. ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಅಕ್ಕ-ತಂಗಿಯರಿಗೆ ಒಬ್ಬರನ್ನೊಬ್ಬರು ಕಂಡರೆ ಪ್ರಾಣ, ಆದ್ದರಿಂದ ದಿನವೂ ಜಗಳ. ತಾಯಿ ಬೆಣ್ಣೆ ಕಾಯಿಸುವ ದಿನವಂತೂ ಮನೆ ರಣರಂಗ. ತುಪ್ಪ ಸೋಸಿಕೊಂಡ ಮೇಲೆ ಬಾಣಲೆಯ ತಳದಲ್ಲಿ ಕಂದುಬಣ್ಣದ ಒಂದಿಷ್ಟು ಉಳಿಯುತ್ತದಲ್ಲ, ಅದಕ್ಕೆ ಬಿಸಿ ಅನ್ನ ಹಾಕಿ, ಚಿಟಿಕೆ ಉಪ್ಪು ಉದುರಿಸಿ, ಬಾಣಲೆಯಲ್ಲೇ ಕಲಸಿ ತಿನ್ನಲು ಇಬ್ಬರೂ ಜಡೆ ಹಿಡಿದು ಹೊಡೆದಾಡುತ್ತಿದ್ದರು.

"ಅದಕ್ಕೆ..." ಎಂದು ಶಿಷ್ಯ ಬಾಯಿ ಹಾಕಿದ.

"ಹೇಳಬೇಡ. ಅದರ ಹೆಸರು ಮನಸ್ಸಿನಲ್ಲೇ ಇಟ್ಟುಕೋ, ಮುಂದೆ ಬೇಕಾಗುತ್ತದೆ" ಎಂದರು ಅಮ್ಮ.

ಉತ್ತರಕ್ಕೆ ಬಹಳ ದೂರದಲ್ಲಿ, ಮರುಭೂಮಿಯ ನಡುವೆ, ಒಂದು ಪಟ್ಟಣವಿತ್ತು. ಅಲ್ಲಿಂದ ಒಬ್ಬ ವ್ಯಾಪಾರಿ ಸೀರೆ ಕೊಳ್ಳಲು ನೇಕಾರನ ಮನೆಗೆ ಬಂದ. ಮಳೆ ಹಿಡಿಯಿತು, ಹೊಳೆ ತುಂಬಿತು, ದಾರಿ ನಿಂತಿತು. ಆತ ಮಳೆಗಾಲವಿಡೀ ಜಗಲಿಯಲ್ಲೇ ಉಳಿದ. ಹೊಳೆ ಇಳಿದ ಮೇಲೆ ಸೀರೆಗಳನ್ನು ಕಟ್ಟಿಕೊಂಡು, ತಂಗಿಯನ್ನು ಮದುವೆಯಾಗಿ ಹೊರಟ.

ಗಾಡಿ ಹತ್ತುವಾಗ ತಂಗಿ ಅಂದಳು, "ಅಕ್ಕಾ, ನೀನು ಬರಬೇಕು."

"ಬರದೆ ಇರ್ತೀನೇನೇ? ಮುಂದಿನ ವರ್ಷವೇ ಬರ್ತೀನಿ. ಒಳ್ಳೆ ಕಾಲ ನೋಡಿಕೊಂಡು."

ಆ ಕೊನೆಯ ಮಾತನ್ನು ಅಕ್ಕ ಸುಮ್ಮನೆ ಬಾಯಿಗೆ ಬಂತೆಂದು ಸೇರಿಸಿದ್ದು. ಆದರೆ ಮುಂದೆ ಅವಳನ್ನು ಕಟ್ಟಿಹಾಕಿದ್ದು ಅದೇ.

ಅಕ್ಕನಿಗೂ ಮದುವೆಯಾಯಿತು. ಗಂಡನೂ ನೇಕಾರನೇ. ಮನೆ ಉತ್ತರಕ್ಕೆ ಹೋಗುವ ದಾರಿಯ ಪಕ್ಕದಲ್ಲಿತ್ತು. ಆ ಕಡೆಯಿಂದ ಬಂದವರು ಯಾರೇ ಆಗಲಿ, ಅವಳ ಜಗಲಿಯಲ್ಲಿ ಮಜ್ಜಿಗೆ ಕುಡಿಯದೆ, ಅವಳ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿರಲಿಲ್ಲ. ಪ್ರಶ್ನೆ ಯಾವಾಗಲೂ ಒಂದೇ. ಆ ಪಟ್ಟಣಕ್ಕೆ ಯಾವ ಕಾಲದಲ್ಲಿ ಹೋಗಬೇಕು, ಹೇಗೆ ಹೋಗಬೇಕು?

"ಮಾರ್ಗಶಿರದಲ್ಲಿ ಹೋಗಿ ತಾಯಿ. ಗಾಳಿ ತಣ್ಣಗಿರುತ್ತದೆ. ಕುದುರೆ ಮೇಲೆ ಹೋದರೆ ಆಯಾಸವೇ ತಿಳಿಯದು" ಎಂದ ಕುದುರೆ ವ್ಯಾಪಾರಿ.

"ಮಾರ್ಗಶಿರದಲ್ಲಾ? ಅಲ್ಲಿನ ಚಳಿಗೆ ಇದ್ದ ಹಲ್ಲೂ ಉದುರುತ್ತವೆ. ಮಾಘ ಕಳೆಯಲಿ. ನಡೆದೇ ಹೋಗು, ಪುಣ್ಯವೂ ಬರುತ್ತದೆ" ಎಂದ ಬೈರಾಗಿ.

ಮಾಘ ಕಳೆದರೆ ಮರಳಿನ ಗಾಳಿ ಎದ್ದು ಕಣ್ಣು ಬಿಡಲಾಗದು, ಮಳೆ ನಿಂತ ಕೂಡಲೆ ಗಾಡಿಯಲ್ಲಿ ಹೊರಡಬೇಕು ಎಂದ ಜೋಳದ ವ್ಯಾಪಾರಿ. ಗಾಡಿಯ ಚಕ್ರ ಮರಳಿನಲ್ಲಿ ಹೂತುಹೋಗುತ್ತದೆ, ಒಂಟೆಯೇ ಸರಿ ಎಂದ ಒಂಟೆಯವನು. ಒಂಟೆಯ ಮೇಲೆ ನಿಜವಾಗಿಯೂ ಹೋಗಿಬಂದವನೊಬ್ಬ ಮಾತ್ರ "ಒಂಟೆಯೊಂದು ಬೇಡಮ್ಮಾ" ಎಂದು ಹೇಳಿ, ಕೂರದೆ, ನಿಂತೇ ಮಜ್ಜಿಗೆ ಕುಡಿದ.

ಎಲ್ಲರೂ ಒಪ್ಪಿದ್ದು ಒಂದೇ ಮಾತನ್ನು. ವೈಶಾಖದಲ್ಲಿ ಮಾತ್ರ ಆ ಕಡೆ ತಲೆಹಾಕಬಾರದು.

ಅಕ್ಕ ಕೈಕಟ್ಟಿ ಕೂತವಳಲ್ಲ. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ತಂಗಿಗೆಂದು ಒಂದು ಜಾಡಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದಳು. ಮಳೆ ನಿಂತ ಮೇಲೆ ಹೊರಡುವುದೆಂದು ನಿಶ್ಚಯವಾಗುತ್ತಿತ್ತು. ಮಳೆ ನಿಂತ ಮೇಲೆ, ಮಾರ್ಗಶಿರವೇ ಉತ್ತಮ ಎಂದು ಯಾರೋ ಹೇಳುತ್ತಿದ್ದರು. ಮಾರ್ಗಶಿರದಲ್ಲಿ, ಮಾಘ ಕಳೆಯಲಿ ಎಂದು ಇನ್ಯಾರೋ. ಅಷ್ಟರಲ್ಲಿ ಜಾಡಿಯ ತಳ ಕಾಣುತ್ತಿತ್ತು.

"ನಿನ್ನ ತಂಗಿಯ ಉಪ್ಪಿನಕಾಯಿ ಈ ಸಲ ಬಹಳ ಚೆನ್ನಾಗಿದೆ ಕಣೇ" ಎಂದು ಗಂಡ ಪ್ರತಿ ವರ್ಷ ಹೇಳುತ್ತಿದ್ದ. "ಅವಳ ಋಣ ಎಂದು ತೀರಿಸ್ತೀನೋ."

ಹೀಗೆ ವರ್ಷಗಳು ಹೋದವು. ಅಕ್ಕನ ತಲೆಯಲ್ಲಿ ಬಿಳಿಕೂದಲು ಬಂತು. ಆ ಪಟ್ಟಣಕ್ಕೆ ಹೋಗುವ ದಾರಿಗಳ ವಿಷಯದಲ್ಲಿ ಅವಳಷ್ಟು ತಿಳಿದವರು ಸುತ್ತಮುತ್ತ ಯಾರೂ ಇರಲಿಲ್ಲ. ಹೋಗುವವರು ಅವಳನ್ನೇ ಕೇಳಿಕೊಂಡು ಹೋಗತೊಡಗಿದರು.

ಒಂದು ವರ್ಷ ವೈಶಾಖ ಆಗಷ್ಟೇ ಹುಟ್ಟಿತ್ತು. ಜಾಡಿ ತುಂಬಿತ್ತು. ಆ ಪಟ್ಟಣದಿಂದ ಬಂದ ಬಟ್ಟೆ ವ್ಯಾಪಾರಿಯೊಬ್ಬ ಜಗಲಿಯಲ್ಲಿ ಕೂತು, ಅವಳು ಕೇಳುವ ಮೊದಲೇ ತಾನೇ ಮಾತು ತೆಗೆದ.

"ನಿಮ್ಮ ತಂಗಿ ಒಂದು ವಿಷಯ ಕೇಳಿಕೊಂಡು ಬಾ ಎಂದಿದ್ದಾರೆ. ತುಪ್ಪ ಸೋಸಿದ ಮೇಲೆ ಬಾಣಲೆಯ ತಳದಲ್ಲಿ ಉಳಿಯುತ್ತದಂತಲ್ಲ, ನೀವಿಬ್ಬರು ಅದಕ್ಕಾಗಿ ಹೊಡೆದಾಡುತ್ತಿದ್ದಿರಂತೆ. ಅದನ್ನು ನಿಮ್ಮ ಮಾತಿನಲ್ಲಿ ಏನೆನ್ನುತ್ತಾರೆ? ಅವರಿಗೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲವಂತೆ. ವ್ಯಾಪಾರಕ್ಕೆ ಬೇಕಾದಷ್ಟು ಕಲಿತ ನಮ್ಮಂಥವರನ್ನು ಬಿಟ್ಟರೆ ಅಲ್ಲಿ ನಿಮ್ಮ ಮಾತು ಬಲ್ಲವರು ಯಾರೂ ಇಲ್ಲ ನೋಡಿ."

ಅಕ್ಕ ಜೋರಾಗಿ ನಕ್ಕಳು. ಗಂಡನೂ ಮಗ್ಗ ನಿಲ್ಲಿಸಿ ನಕ್ಕ. ನಗುತ್ತ ನಗುತ್ತ ಅಕ್ಕ ಥಟ್ಟನೆ ನಿಲ್ಲಿಸಿದಳು.

"ಈ ವರ್ಷ ಪದ ಮರೆತಿದ್ದಾಳೆ. ಮುಂದೆ ಜಗಳ ಮರೀತಾಳೆ. ಆಮೇಲೆ, ಯಾರ ಜೊತೆ ಜಗಳ ಆಡ್ತಿದ್ದೆ ಅನ್ನೋದನ್ನೂ ಮರೀತಾಳೆ" ಎಂದಳು.

"ಒಂದು ಪದ ತಾನೇ? ಇವನು ವಾಪಸು ಹೋಗುವಾಗ ಹೇಳಿ ಕಳಿಸು" ಎಂದ ಗಂಡ.

"ಪದ ಇವನು ಮುಟ್ಟಿಸ್ತಾನೆ. ಜಗಳ ಯಾರು ಮುಟ್ಟಿಸ್ತಾರೆ?"

ಅವಳು ಎದ್ದು ಒಳಗೆ ಹೋಗಿ ಜಾಡಿಯ ಬಾಯಿಗೆ ಬಟ್ಟೆ ಬಿಗಿದಳು.

"ಇದು ವೈಶಾಖ ಕಣೇ!"

"ಗೊತ್ತು."

"ಯಾವ ದಾರಿ ಅಂತ ಇನ್ನೂ ತೀರ್ಮಾನವೇ ಆಗಿಲ್ಲ!"

"ಎದುರಿಗೆ ಜೋಳದ ಗಾಡಿ ಹೊರಟಿದೆ. ಅದು ಹೋಗೋದೇ ದಾರಿ."

ಬಿಸಿಲಿರಲಿ ಚಳಿಯಿರಲಿ, ಆ ಪಟ್ಟಣದವರೂ ಉಣ್ಣಬೇಕು. ಹಾಗಾಗಿ ವೈಶಾಖದಲ್ಲಿ ಆ ಕಡೆ ಹೋಗುತ್ತಿದ್ದದ್ದು ಜೋಳದ ಗಾಡಿಗಳು ಮಾತ್ರ. ಅಕ್ಕ ಮೂಟೆಗಳ ನಡುವೆ ಮೂಟೆಯಾಗಿ ಕೂತಳು. ತೊಡೆಯ ಮೇಲೆ ಜಾಡಿ. ಗಾಡಿ ಮರಳಿನ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಒಂಟೆ. ಒಂಟೆಯ ವಿಷಯದಲ್ಲಿ ಜಗಲಿಯ ಮೇಲೆ ನಿಂತು ಮಜ್ಜಿಗೆ ಕುಡಿದವನು ಹೇಳಿದ್ದೇ ನಿಜವಾಯಿತು. ಉಳಿದವರು ಹೇಳಿದ್ದೂ ನಿಜವೇ ಆಗಿತ್ತು. ಬಿಸಿಲು ಸುಟ್ಟಿತು, ಮರಳು ಕಣ್ಣಿಗೆ ಬಿತ್ತು. ಅವಳು ಒಂಟೆಯವನಿಂದ ಆ ಸೀಮೆಯ ನಾಲ್ಕು ಮಾತು ಕಲಿತಳು, ಅವನಿಗೆ ಉಪ್ಪಿನಕಾಯಿಯ ರುಚಿ ಕಲಿಸಿದಳು. ಹೀಗೆ ಹೋದಳು.

ಆ ಪಟ್ಟಣದ ಬಾಗಿಲಲ್ಲಿ ಒಂದು ಪದ್ಧತಿ ಇತ್ತು. ಚಳಿಗಾಲದಲ್ಲಿ ಬಂದವರನ್ನು ಬಾಗಿಲು ಕಾಯುವವನು "ಏನು ನೋಡಬೇಕು?" ಎಂದು ಕೇಳುತ್ತಿದ್ದ. ಅರಮನೆ ಎಂದರೆ ಬಲಕ್ಕೆ, ಸಂತೆ ಎಂದರೆ ಎಡಕ್ಕೆ ಕೈ ತೋರಿಸುತ್ತಿದ್ದ. ಬೇಸಿಗೆಯಲ್ಲಿ ಆ ಪ್ರಶ್ನೆ ಇಲ್ಲ. ಆ ಬಿಸಿಲಿನಲ್ಲಿ ಊರು ನೋಡಲು ಯಾರು ಬರುತ್ತಾರೆ? ಬಂದರೆ ಯಾರಿಗಾಗಿಯೋ ಬರಬೇಕು. ಆದ್ದರಿಂದ ಬೇಸಿಗೆಯಲ್ಲಿ ಅವನು ಕೇಳುತ್ತಿದ್ದದ್ದು ಒಂದೇ, "ಯಾರ ಮನೆಗೆ?"

ಅಕ್ಕ ತಂಗಿಯ ಹೆಸರು ಹೇಳಿದಳು.

"ಓ, ಜಗಳಗಂಟಿಯ ಮನೆಗಾ?" ಎಂದ ಅವನು.

ಅಕ್ಕನ ಕಣ್ಣಲ್ಲಿ ನೀರು ಬಂತು. ಇನ್ನೂ ಮರೆತಿಲ್ಲ!

ಬಾಗಿಲು ಕಾಯುವವನು ಎದ್ದು ಅವಳ ಕಾಲಿಗೆ ನೀರು ಹಾಕಿದ. ಛತ್ರಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು, ತಾನೇ ಜೊತೆಗೆ ಹೊರಟ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಡುಹಗಲು ಊರಿಗೆ ಊರೇ ನೆಲಮಾಳಿಗೆಗಳಲ್ಲಿ ಮಲಗಿತ್ತು. ಒಂದು ಮನೆಯ ಮುಂದೆ ನಿಂತು ಅವನು ಕದ ತಟ್ಟಿದ.

"ನಡುಹಗಲಲ್ಲಿ ಯಾರಪ್ಪಾ ಪ್ರಾಣ ತಿನ್ನೋದು!" ಎಂದು ಆ ಸೀಮೆಯ ಮಾತಿನಲ್ಲಿ ಬೈಯುತ್ತ ಬಂದು ತಂಗಿ ಕದ ತೆಗೆದಳು.

ಅಕ್ಕ ಹೇಗಿದ್ದೀಯ ಎನ್ನಲಿಲ್ಲ. ಬಂದೆ ಎನ್ನಲಿಲ್ಲ.

"ಗಸಿ" ಎಂದಳು.

ತಂಗಿ ಬಾಯಿ ತೆರೆದು ನೋಡಿದಳು.

"ಗಸಿ ಕಣೇ, ಗಸಿ! ಅದನ್ನೂ ಮರೆತ್ಯಾ, ಹೊಟ್ಟೆಬಾಕಿ!"

"ಅಯ್ಯೋ, ಗಸಿ! ಅಕ್ಕಾ, ಗಸಿ!" ಎಂದು ಕೂಗಿ ತಂಗಿ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಹೊಸ್ತಿಲ ಮೇಲೆಯೇ ನಿಂತು ನಕ್ಕರು, ಅತ್ತರು, ಮತ್ತೆ ನಕ್ಕರು. ವೈಶಾಖದ ನಡುಹಗಲಲ್ಲಿ ಆ ಬೀದಿಯಲ್ಲಿ ಯಾರೂ ನಕ್ಕದ್ದಿಲ್ಲ. ಅಕ್ಕಪಕ್ಕದವರು ಕಣ್ಣುಜ್ಜಿಕೊಂಡು ಹೊರಗೆ ಬಂದರು. ಬಾಗಿಲು ಕಾಯುವವನಿಗೆ ಏನೂ ಅರ್ಥವಾಗದಿದ್ದರೂ ಛತ್ರಿ ಹಿಡಿದುಕೊಂಡೇ ನಕ್ಕ.

"ಒಳಗೆ ಬಾ, ಕೂತ್ಕೋ" ಎಂದಳು ತಂಗಿ.

"ಕೂರೋದು ನಾಳೆ ನೋಡೋಣ. ಒಂಟೆ ಮೇಲೆ ಬಂದಿದೀನಿ."

ತಂಗಿ ಆ ಬಿಸಿಲಿನಲ್ಲೇ ಒಲೆ ಹಚ್ಚಿ ಬೆಣ್ಣೆ ಕಾಯಿಸಿದಳು. ತುಪ್ಪ ಸೋಸಿ ಬಾಣಲೆಗೆ ಬಿಸಿ ಅನ್ನ ಹಾಕಿದಳು. ತಲೆ ನರೆತ ಇಬ್ಬರು ಹೆಂಗಸರು ಬಾಣಲೆಯ ಒಂದೊಂದು ಕಿವಿ ಹಿಡಿದುಕೊಂಡು ಎಳೆದಾಡಿದರು.

"ನೀನು ದೊಡ್ಡವಳು, ಬಿಟ್ಟುಕೊಡು!"

"ದೊಡ್ಡವಳು ಅಂತ ಇಷ್ಟು ವರ್ಷ ಪೂರ್ತಿ ನಿನಗೇ ಬಿಟ್ಟಿದ್ದೆನಲ್ಲೇ! ಇವತ್ತು ನನ್ನದು!"

ಬಿಸಿಲು ಇಳಿದ ಮೇಲೆ ಊರೆಲ್ಲ ಮಾಳಿಗೆ ಹತ್ತಿತು. ಅಕ್ಕತಂಗಿಯರೂ ಹತ್ತಿದರು. ಯಾರಿಗೂ ಯಾವ ಕೆಲಸದ ಅವಸರವೂ ಇರಲಿಲ್ಲ. ಮಾಳಿಗೆಯಿಂದ ಮಾಳಿಗೆಗೆ ಉಪ್ಪಿನಕಾಯಿ ಹೋಯಿತು, ಖರ್ಜೂರ ಬಂತು.

ತಂಗಿ ಅಂದಳು, "ನೀನು ಒಳ್ಳೆ ಕಾಲದಲ್ಲಿ ಬಂದಿದ್ದರೆ ನಾನು ನಿನಗೆ ಸಿಕ್ತಾನೇ ಇರಲಿಲ್ಲ ಅಕ್ಕಾ. ಚಳಿಗಾಲ ಬಂತು ಅಂದರೆ ಊರು ನೋಡೋಕೆ ಜನವೋ ಜನ. ಪ್ರತಿ ಮನೆಯೂ ಛತ್ರ. ಬೆಳಗಿನಿಂದ ಸಂಜೆ ತನಕ ಒಲೆ ಮುಂದೆ ರೊಟ್ಟಿ ತಟ್ಟೋದೇ ಕೆಲಸ. ನಿನಗೂ ಒಂದು ರೊಟ್ಟಿ ಹಾಕಿ, ಮುಖ ನೋಡದೆ, 'ಮುಂದಿನವರು ಬನ್ನಿ' ಅಂದುಬಿಡ್ತಿದ್ದೆನೇನೋ."

ಅಕ್ಕನಿಗೆ ಬಹಳ ಸಮಾಧಾನವಾಯಿತು. "ಹಾಗಾದರೆ ಇಷ್ಟು ವರ್ಷ ಬಾರದೆ ಇದ್ದದ್ದೇ ಒಳ್ಳೇದಾಯ್ತು ಅನ್ನು!"

"ಅದೊಂದು ಹೇಳಬೇಡ" ಎಂದಳು ತಂಗಿ. "ವೈಶಾಖ ಪ್ರತಿ ವರ್ಷ ಬರುತ್ತೆ."

ತಂಗಿ ಅಕ್ಕನ ಬಾಯಿಗೆ ಒಂದು ಖರ್ಜೂರ ತುರುಕಿದಳು. ಸ್ವಲ್ಪ ಹೊತ್ತಿಗೆ ಬೀಜ ಯಾರು ದೂರ ಉಗಿಯುತ್ತಾರೆ ಎಂಬ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿತು.

ಬೇಸಿಗೆ ಮುಗಿಯುವವರೆಗೆ ಅವಳು ಅಲ್ಲೇ ಇದ್ದಳು. ಊರಿಗೆ ಹಿಂದಿರುಗಿದಾಗ ಜನ ಜಗಲಿಯಲ್ಲಿ ತುಂಬಿದರು. "ಪಟ್ಟಣ ಹೇಗಿದೆ? ಅರಮನೆ ಎಷ್ಟು ದೊಡ್ಡದು? ಸಂತೆಯಲ್ಲಿ ಏನೇನು ಸಿಗುತ್ತದೆ?"

"ಪಟ್ಟಣವಾ?" ಎಂದಳು ಅಕ್ಕ. "ಅಯ್ಯೋ, ಅದನ್ನು ನೋಡೋಕೆ ಪುರಸೊತ್ತೇ ಆಗಲಿಲ್ಲ!"

ಮುಂದಿನ ಯುಗಾದಿಗೆ ಅವಳು ಎರಡು ಜಾಡಿ ಉಪ್ಪಿನಕಾಯಿ ಹಾಕಿದಳು. ಒಂದು ಗಂಡನಿಗೆ. ಇನ್ನೊಂದಕ್ಕೆ ಅಂದೇ ಬಟ್ಟೆ ಬಿಗಿದಿಟ್ಟಳು.

ಅಮ್ಮ ಕತೆ ಮುಗಿಸಿ ಸಿಪ್ಪೆಗಳನ್ನು ಒಂದು ಕಡೆ ಒಟ್ಟಿದರು. ಶಿಷ್ಯನ ಮುಖ ಅರಳಿತ್ತು. ಇಷ್ಟು ಸ್ಪಷ್ಟವಾದ ಉತ್ತರ ಅವನಿಗೆ ಇದುವರೆಗೆ ಯಾರೂ ಕೊಟ್ಟಿರಲಿಲ್ಲ.

"ತಿಳಿಯಿತು ಅಮ್ಮಾ! ಎಲ್ಲರೂ ಬೇಡವೆನ್ನುವ ಕಾಲವೇ ಸರಿಯಾದ ಕಾಲ. ಮೊದಲು ಸಿಕ್ಕ ಗಾಡಿಯೇ ಸರಿಯಾದ ದಾರಿ. ಇನ್ನು ತಡಮಾಡುವುದಿಲ್ಲ, ನಾಳೆಯೇ ಹೊರಡುತ್ತೇನೆ."

ಅಮ್ಮ ಅವರೆಕಾಳಿನ ಮೊರ ಎತ್ತಿಕೊಂಡು ಎದ್ದು ನಿಂತು, ನಗುತ್ತ ಕೇಳಿದರು:

"ಹೊರಡಪ್ಪಾ. ಯಾರ ಮನೆಗೆ?"